ಲಾರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ ಮೇಸ್ತ್ರಿ

ಬಾಡಿ ಮೇಸ್ತ್ರಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ವೆಲ್ಡಿಂಗಿನ ಕಿಡಿ ಹಾರಿ ಹಾರಿ ಅಲ್ಲಿ ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಬಲಗಡೆಯ ಹುಬ್ಬು ಮಾತ್ರ ದಟ್ಟವಾಗಿತ್ತು, ಅದರ ಮೇಲೆ ಹಣೆಯ ತುಂಬ ಮೂರು ಬೆರಳಿನ ವಿಭೂತಿ. ಹೀಗಾಗಿ ಅವರ ಮುಖದ ಒಂದು ಪಾಲು ನಿಶ್ಚಿಂತೆಯಿಂದ ಇದ್ದಂತೆಯೂ ಇನ್ನೊಂದು ಪಾಲು ಆಗಷ್ಟೇ ಬೆಚ್ಚಿಬಿದ್ದಂತೆಯೂ ಕಾಣುತ್ತಿತ್ತು. ಎರಡರಲ್ಲಿ ನಿಜವಾದದ್ದು ಬೆಚ್ಚಿಬಿದ್ದ ಪಾಲೇ. ಕಬ್ಬಿಣದ ಪಟ್ಟಿಯನ್ನು ಒಬ್ಬರೇ ಎತ್ತಿ ಹೆಗಲಿಗೆ ಇಟ್ಟುಕೊಳ್ಳುತ್ತಿದ್ದ ಆ ಆರಡಿ ಆಳು, ಶೆಡ್ಡಿನಲ್ಲಿ ಯಾವುದಾದರೂ ಗಾಡಿ ರಿವರ್ಸ್ ತೆಗೆದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಇಂಜಿನ್ ಆರಿದ ಮೇಲೆಯೇ ಅವರ ಕೈ ಎದೆಯಿಂದ ಕೆಳಗಿಳಿಯುತ್ತಿತ್ತು.

ಅವರು ಉಡುತಡಿ ಕಡೆಯ ಒಕ್ಕಲು ಮನೆತನದವರು. ಹೊಲ ಅಣ್ಣತಮ್ಮಂದಿರಿಗೆ ಬಿಟ್ಟು, ಶಿಕಾರಿಪುರದ ಹೊರಗೆ ಸೊರಬದ ಕಡೆ ಹೋಗುವ ರಸ್ತೆಯ ಪಕ್ಕ ತಗಡಿನ ಶೆಡ್ ಹಾಕಿಕೊಂಡು ಲಾರಿಗೆ ಬಾಡಿ ಕಟ್ಟುತ್ತಿದ್ದರು. ಹೊಸ ಲಾರಿ ಎಂದರೆ ಎಲ್ಲ ಸಿದ್ಧವಾಗಿ ಬರುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ನಮ್ಮ ಕಡೆ ಆಗ ಬರುತ್ತಿದ್ದುದು ಬರೀ ಚಾಸಿ, ಅಂದರೆ ಇಂಜಿನ್, ಗಾಲಿ, ಉದ್ದದ ಎರಡು ಕಬ್ಬಿಣದ ತೊಲೆ. ಡ್ರೈವರ್ ಕೂರುವ ಕ್ಯಾಬಿನ್ನೂ ಇಲ್ಲ, ಮಾಲು ತುಂಬುವ ತೊಟ್ಟಿಯೂ ಇಲ್ಲ. ಮರದ ಪೆಟ್ಟಿಗೆಯ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿಕೊಂಡು ಅದನ್ನು ಓಡಿಸಿಕೊಂಡು ಬಂದು ಮೇಸ್ತ್ರಿಯ ಅಂಗಳದಲ್ಲಿ ನಿಲ್ಲಿಸಬೇಕು. ಒಂದೂವರೆ ತಿಂಗಳ ಮೇಲೆ ಅದು ಲಾರಿಯಾಗಿ ಹೊರಬೀಳುತ್ತಿತ್ತು.

ಹೊರಬೀಳುವ ದಿನ ಮೇಸ್ತ್ರಿ ಬೆಳಗ್ಗೆ ತಿಂಡಿ ಮುಟ್ಟುತ್ತಿರಲಿಲ್ಲ. ಹೆದರಿಕೆಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಲಾರಿಗೆ ಮರಳಿನ ಚೀಲ ಹೇರಿಸಿ, ಅಂಗಳದ ನಡುವೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಆ ಗೆರೆಯಿಂದ ಹತ್ತು ಹೆಜ್ಜೆ ಮುಂದೆ ಹೋಗಿ ತಾವೇ ನಿಲ್ಲುತ್ತಿದ್ದರು. ಡ್ರೈವರ್ ಜೋರಾಗಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತಬೇಕು. ಮೇಸ್ತ್ರಿ ನಿಲ್ಲುತ್ತಿದ್ದುದು ಲಾರಿಗೆ ಮುಖ ಮಾಡಿ ಅಲ್ಲ, ಬೆನ್ನು ಮಾಡಿ.

ಮೊದಲ ಸಲ ನಾನು ಅದನ್ನು ನೋಡಿದಾಗ ನನಗೆ ಎಂಟು ವರ್ಷ. ನಾವು ಸೊರಬ ತಾಲ್ಲೂಕಿನ ಹೊಸಬಾಳೆಯವರು. ಅಪ್ಪ ಶುಂಠಿ, ಮೆಕ್ಕೆಜೋಳ ಸಾಗಿಸಲು ಹೊಸ ಲಾರಿ ಮಾಡಿದ್ದ. ಪೂಜೆಗೆಂದು ನನ್ನನ್ನೂ ಕರೆತಂದಿದ್ದ. ಲಾರಿಯಲ್ಲಿ ಅಪ್ಪ, ಎದುರಿಗೆ ಬೆನ್ನು ಮಾಡಿಕೊಂಡು ಮೇಸ್ತ್ರಿ. ಅಪ್ಪ ಈ ಮನುಷ್ಯನನ್ನು ಕೊಂದೇಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿ ಚೀರಿದ್ದೆ. ಲಾರಿ ಕಿರ್‍ರೆಂದು ನಿಂತಿತು. ಮೇಸ್ತ್ರಿ ತಿರುಗದೆಯೇ ಹೇಳಿದರು: "ಬಲಗಡೆ ಮೂರನೇ ಹಲಗೆ ಸಡ್ಲ ಐತೆ. ಇಳೀರಿ, ಬಿಗಿ ಮಾಡ್ತೀನಿ."

ಅವರು ಅಲ್ಲಿ ನಿಲ್ಲುತ್ತಿದ್ದುದು ಕೇಳಿಸಿಕೊಳ್ಳಲು. ಭಾರ ಹೊತ್ತ ಲಾರಿ ಗಕ್ಕನೆ ನಿಂತಾಗ ಬಾಡಿಯ ಹಲಗೆಗಳೆಲ್ಲ ಒಮ್ಮೆ ಮುಂದಕ್ಕೆ ಒರಗಿ ನರಳುತ್ತವೆ, ಯಾವ ಜೋಡಣೆ ಸಡಿಲ ಎಂಬುದು ಆ ಸದ್ದಿನಲ್ಲಿ ಗೊತ್ತಾಗುತ್ತದೆ. ಬೆನ್ನು ಯಾಕೆ ಮಾಡಬೇಕು ಎಂದು ಅಳುತ್ತಲೇ ಕೇಳಿದ್ದಕ್ಕೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡವರಿಗೆ ಹೇಳುವಂತೆ ಹೇಳಿದ್ದರು.

"ಮುಖ ಮಾಡಿ ನಿಂತ್ರೆ ಡ್ರೈವರ್ ಏನಂತ ತಿಳೀತಾನೆ? ಇವ್ನೇ ಸರೀತಾನೆ ಬಿಡು ಅಂತಾನೆ. ಬೆನ್ನು ಕಂಡ್ರೆ ಬ್ರೇಕ್ ಮೇಲೆ ಎದ್ದು ನಿಂತೇಬಿಡ್ತಾನೆ. ಆಗಲೇ ಹಲಗೆ ನಿಜ ಹೇಳೋದು ತಂಗಿ."

"ನಿಮಗೆ ಹೆದರಿಕೆ ಆಗಲ್ವಾ?"

"ಆಗ್ತೈತೆ. ನಾನು ಕಟ್ಟಿದ್ದಕ್ಕೆ ನಾನೇ ಹೆದರದಿದ್ರೆ, ಬ್ಯಾರೆಯವ್ರನ್ನ ಅದರ ಮುಂದೆ ಹೆಂಗೆ ಬಿಡ್ಲಿ?"

ಅಂದಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ಮಾಮ. ಶಿಕಾರಿಪುರದಲ್ಲಿ ಡಿಪ್ಲೊಮಾ ಓದುವಾಗ ಬಸ್ಸು ತಪ್ಪಿದ ದಿನವೆಲ್ಲ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಪುಸ್ತಕದಲ್ಲಿ ತಲೆಗೆ ಹತ್ತದ ತೂಕ, ಬಲ, ಒತ್ತಡಗಳನ್ನೆಲ್ಲ ಅವರು ಮತ್ತಿ ಮರದ ಹಲಗೆ ಮತ್ತು ಬೋಲ್ಟುಗಳಲ್ಲಿ ತೋರಿಸಿಕೊಟ್ಟರು. ನಾನು "ಎಂತಕ್ಕೆ ಮಾಮ?" ಎಂದರೆ ಸಾಕು, "ಬಂತು ನೋಡು ಸೊರಬದ ಎಂತ" ಎಂದು ನಗುತ್ತಿದ್ದರು. ನಾನು ಹುಟ್ಟಾ ಪುಕ್ಕಲಿ. ಅದನ್ನು ದೋಷ ಎನ್ನದೆ ಇದ್ದವರು ಅವರೊಬ್ಬರೇ. "ಹೆದರೋರ ಕೈ ಚಲೋ ಇರ್ತೈತೆ, ಎಲ್ಡು ಸಲ ಬಿಗಿ ಮಾಡ್ತಾರೆ" ಎಂದು ನನ್ನನ್ನು ಹೊಗಳುತ್ತಿದ್ದರು. ಪುಕ್ಕಲುತನದಲ್ಲಿ ಎರಡು ಬಗೆ ಉಂಟು ಎಂಬುದು ಅವರಿಗೂ ಆಗ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಓದು ಮುಗಿಸಿ ನಾನು ಸೇರಿದ್ದು ಡ್ರೈವರ್ ಇಲ್ಲದೆ ಓಡುವ ಲಾರಿ ತಯಾರಿಸಲು ಹೊರಟಿದ್ದ ಒಂದು ಕಂಪನಿಯನ್ನು. ದೊಡ್ಡ ರಸ್ತೆಗೆ ಬಿಡುವ ಲಾರಿಗಳಲ್ಲ ಅವು. ಅಕ್ಕಿ ಗಿರಣಿ, ಮಾರುಕಟ್ಟೆ ಅಂಗಳ, ಗೋದಾಮು, ಇಂಥ ಕಡೆ ಗೇಟಿನೊಳಗೇ ಚೀಲ ಹೊತ್ತು ಅತ್ತಿಂದಿತ್ತ ಓಡಾಡುವ ಬ್ಯಾಟರಿ ಲಾರಿಗಳು. ನನ್ನ ಕೆಲಸ ತಯಾರಿಕೆಯ ವೆಚ್ಚ ನೋಡುವುದು. ಇದೇ ಲಾರಿಯನ್ನು ಹೊರದೇಶಗಳಲ್ಲಿ ಮಾಡಿದರೆ ಎಷ್ಟು ಬೀಳುತ್ತದೆ, ನಮ್ಮಲ್ಲಿ ಎಷ್ಟು, ವ್ಯತ್ಯಾಸ ಯಾಕೆ ಎಂದು ಹುಡುಕಿ ಬರೆಯಬೇಕಿತ್ತು. ಮಾಲು ತುಂಬುವ ತೊಟ್ಟಿಯನ್ನು ನಮ್ಮಲ್ಲಿ ಎಷ್ಟು ಅಗ್ಗವಾಗಿ ಮಾಡಿಸಬಹುದು ಎಂಬುದಕ್ಕೆ ನನ್ನ ಬಳಿ ಇದ್ದ ಒಳ್ಳೆಯ ಉದಾಹರಣೆ ಮೇಸ್ತ್ರಿಯೇ. ಅವರ ಹೆಸರನ್ನು ಕಂಪನಿಗೆ ಕೊಟ್ಟವಳು ನಾನು.

ಮೊದಲ ಲಾರಿಯ ತೊಟ್ಟಿ ಕಟ್ಟುವಾಗ ಅವರು ಎಲ್ಲವನ್ನೂ ಕೆದಕಿ ಕೆದಕಿ ಕೇಳಿದರು.

"ಒಂದೇ ಲಾರಿ ಅಂತೀಯ. ಒಂದು ದೇಶದಾಗೆ ತುಟ್ಟಿ, ಇನ್ನೊಂದ್ರಾಗೆ ಸೋವಿ ಯಾಕೆ?"

ನಾನು ಉತ್ಸಾಹದಿಂದ ವಿವರಿಸಿದೆ. ಕೆಲವು ದೇಶಗಳಲ್ಲಿ ಡ್ರೈವರ್ ಕೂರುವ ಜಾಗಕ್ಕೇ ಬಹಳ ಖರ್ಚು: ಎಸಿ, ಅಪಘಾತದಲ್ಲಿ ಉಬ್ಬಿ ಕಾಪಾಡುವ ಗಾಳಿಚೀಲ, ಮಲಗುವ ಹಾಸಿಗೆ. ಡ್ರೈವರನ್ನು ತೆಗೆದರೆ ಅದಷ್ಟೂ ಉಳಿಯುತ್ತದೆ, ಆದರೆ ಕೂಲಿ ಮತ್ತು ಪರೀಕ್ಷೆಗಳ ಖರ್ಚು ಅಲ್ಲಿ ಹೆಚ್ಚು. ಇನ್ನೊಂದು ದೇಶದಲ್ಲಿ ಲಾರಿಯ ಕಣ್ಣು, ಅಂದರೆ ದಾರಿ ನೋಡುವ ಸೆನ್ಸರ್ ಮಾಡುವ ಕಾರ್ಖಾನೆ, ಬ್ಯಾಟರಿ ಕಾರ್ಖಾನೆ, ಲಾರಿ ಕಾರ್ಖಾನೆ ಎಲ್ಲ ಅಕ್ಕಪಕ್ಕದಲ್ಲೇ ಇವೆ, ಹಾಗಾಗಿ ಅಗ್ಗ. ನಮಗೆ ಆ ಕಣ್ಣು, ಆ ಕಂಪ್ಯೂಟರ್ ಎಲ್ಲ ಹಡಗಿನಲ್ಲಿ ಬಂದು, ಸುಂಕ ಕಟ್ಟಿಸಿಕೊಂಡು ಒಳಗೆ ಬರಬೇಕು. ನಮ್ಮಲ್ಲಿ ಅಗ್ಗವಾಗಿರುವುದು ಮೇಸ್ತ್ರಿಯಂಥವರ ಕೈಗೆಲಸ ಮತ್ತು ಡ್ರೈವರನ ಸಂಬಳ.

ಮೇಸ್ತ್ರಿ ಕಬ್ಬಿಣಕ್ಕೆ ಅರ ಉಜ್ಜುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ಅಂದ್ರೆ ನಮ್ಮಲ್ಲಿ ಸೋವಿ ಇರೋ ಮನುಷ್ಯನ್ನ ಇಳಿಸಿ, ತುಟ್ಟಿ ಇರೋ ಕಣ್ಣು ಹತ್ತಿಸ್ತೀರಿ. ಹಂಗಾದ್ರೆ ರೊಕ್ಕ ಉಳಿಯೋದು ಎಲ್ಲಿ?"

ನಮ್ಮ ಮ್ಯಾನೇಜರ್ ತಿಂಗಳುಗಟ್ಟಲೆ ಕೇಳುತ್ತಿದ್ದುದೂ ಇದೇ ಪ್ರಶ್ನೆ. "ಅದಕ್ಕೇ ಮಾಮ, ನಮಗೆ ಎಂತ ಬೇಡವೋ ಅದನ್ನೆಲ್ಲ ತೆಗೀತಿದೀವಿ" ಎಂದೆ.

"ಏನೇನು ತೆಗೆದ್ರಿ?"

"ಸಣ್ಣಪುಟ್ಟ ಸಾಮಾನು."

ಅವರು ಮತ್ತೆ ಅರ ಉಜ್ಜತೊಡಗಿದರು. "ಸಣ್ಣದನ್ನ ನೋಡ್ಕಂಡು ತೆಗಿ ತಂಗಿ" ಎಂದಷ್ಟೇ ಹೇಳಿದರು.

ಆ ಸಣ್ಣಪುಟ್ಟ ಸಾಮಾನು ಏನು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಲಾರಿಯ ಮುಂಭಾಗದಲ್ಲಿ ಹೊಳೆಯುವ ಕಪ್ಪು ಗಾಜಿನ ಒಂದು ಪಟ್ಟಿ ಇತ್ತು. ಎದುರಿಗೆ ಮನುಷ್ಯರಿದ್ದಾರೋ, ಗೋಡೆಯಿದೆಯೋ ಎಂದು ನೋಡುವ ಕಣ್ಣು ಅದರ ಹಿಂದಿತ್ತು. ಹೊರದೇಶದ ಮಾದರಿಯಲ್ಲಿ ಆ ಗಾಜಿನ ಪಕ್ಕ ಬೆರಳುದ್ದದ ಒಂದು ನೀರಿನ ನಳಿಗೆ ಇರುತ್ತದೆ. ಗಾಜು ಮಾಸಿದರೆ ನೀರು ಚಿಮ್ಮಿ ತೊಳೆಯುತ್ತದೆ. ಅದರ ಜೊತೆಗೇ ಗಾಜು ಮಾಸಿದೆಯೇ ಎಂದು ಸದಾ ನೋಡುತ್ತಿರುವ ಪುಟ್ಟ ಭಾಗವೊಂದು ಇರುತ್ತದೆ. ಸಂದೇಹ ಬಂದರೆ ಅದು ಲಾರಿಯನ್ನು ಹೊರಡಲೇ ಬಿಡುವುದಿಲ್ಲ. ಎರಡೂ ಸೇರಿ ಒಂದೇ ಸಾಮಾನು. ಹಿಮ ಬೀಳುವ ದೇಶಕ್ಕೆ ಮಾಡಿದ್ದು, ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದ್ದರಿಂದ ಬೇಕಿಲ್ಲ ಎಂದು ನಾನು ಬರೆದಿದ್ದೆ. ಮ್ಯಾನೇಜರಿಗೆ ಆ ಸಾಲು ಬಹಳ ಹಿಡಿಸಿತ್ತು. ನಮ್ಮೂರಿನ ಬೇಸಿಗೆಯ ಧೂಳಿನಲ್ಲಿ ಬೆಳೆದವಳು ನಾನು. ಬರೆಯುವಾಗ ಆ ಧೂಳು ನೆನಪಿಗೆ ಬಂದಿತ್ತು. ಆದರೂ ಬರೆದೆ, ಯಾಕೆಂದರೆ ವೆಚ್ಚ ಇಳಿಯದಿದ್ದರೆ ನನ್ನ ಕೆಲಸ ಉಳಿಯುವುದಿಲ್ಲ ಎಂಬ ಹೆದರಿಕೆ ನನಗಿತ್ತು.

ಪರೀಕ್ಷೆ ನಡೆದದ್ದು ಶಿಕಾರಿಪುರದ ಹತ್ತಿರದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಭತ್ತ ಒಣಗಿಸುವ ವಿಶಾಲವಾದ ಕಾಂಕ್ರೀಟ್ ಕಣ. ಬೆಳಗಿನ ಹತ್ತು ಗಂಟೆ. ಮ್ಯಾನೇಜರ್, ಗಿರಣಿಯ ಯಜಮಾನರು, ನಾನು ಮತ್ತು ಮೇಸ್ತ್ರಿ. ಲಾರಿಗೆ ಭತ್ತದ ಚೀಲ ಹೇರಿತ್ತು. ಕ್ಯಾಬಿನ್ನೇ ಇಲ್ಲದ ಆ ಲಾರಿಯನ್ನು ಮೇಸ್ತ್ರಿ ಎರಡು ಸುತ್ತು ಬಂದು ನೋಡಿದರು. "ಮುಖಾನೇ ಇಲ್ಲದಂಗೆ ಐತಲ್ರೀ" ಎಂದರು. ಆಮೇಲೆ ತಾವು ತಂದಿದ್ದ ಕಾಯಿ, ನಿಂಬೆಹಣ್ಣು ತೆಗೆದು ಪೂಜೆಗೆ ನಿಂತರು. ಎಂದಿನ ಲಾರಿಗಾದರೆ ಡ್ರೈವರನ ಮುಂದಿನ ಗಾಜಿನ ಮೇಲ್ಗಡೆ, ಹಣೆಯ ಜಾಗದಲ್ಲಿ ವಿಭೂತಿ ಹಚ್ಚುವುದು ಅವರ ಪದ್ಧತಿ. ಈ ಲಾರಿಗೆ ಹಣೆ ಎಲ್ಲಿ? ಅವರು ಹುಡುಕಿದರು. ಮುಂಭಾಗದಲ್ಲಿ ನುಣ್ಣಗೆ, ಕಪ್ಪಗೆ, ಲಿಂಗದ ಕಲ್ಲಿನ ಹಾಗೆ ಹೊಳೆಯುತ್ತಿದ್ದ ಜಾಗ ಅದೊಂದೇ. ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳು ಅದ್ದಿ, ಆ ಗಾಜಿನ ಈ ತುದಿಯಿಂದ ಆ ತುದಿಗೆ ಭಕ್ತಿಯಿಂದ ಎಳೆದರು.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ನೋಡಿದೆ. ಗಾಜು ಮುಟ್ಟಬಾರದು ಎಂಬುದು ನನಗೆ ಗೊತ್ತಿತ್ತು. ಹಿರಿಯರೊಬ್ಬರು ಪೂಜೆ ಮಾಡುವಾಗ ನಡುವೆ ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಾದೆ. ಮುಗಿದ ಮೇಲೆ ಒರೆಸಿದರಾಯಿತು ಎಂದುಕೊಂಡೆ. ಪೂಜೆ ಮುಗಿಯಿತು, ಮಂಗಳಾರತಿ ಬಂತು, ಮ್ಯಾನೇಜರ್ ಪ್ರಸಾದದ ಕಾಯಿ ಚೂರು ಕೊಡುತ್ತ ಏನೋ ತಮಾಷೆ ಮಾಡಿದರು. ಅಷ್ಟರಲ್ಲಿ ಒರೆಸುವ ಮಾತು ನನ್ನಿಂದ ಜಾರಿಹೋಯಿತು.

ಮೇಸ್ತ್ರಿ ಸುಣ್ಣದ ಗೆರೆ ಎಳೆದು, ಹತ್ತು ಹೆಜ್ಜೆ ಮುಂದೆ ಹೋಗಿ ನಿಂತರು. ಮ್ಯಾನೇಜರ್ ನಕ್ಕು, "ಅದೆಲ್ಲ ಏನೂ ಬೇಡ ಮೇಸ್ತ್ರಿ, ಇದು ಡ್ರೈವರ್‌ಗಿಂತ ಚೆನ್ನಾಗಿ ನೋಡುತ್ತೆ" ಎಂದರು.

"ನೋಡ್ಲಿ ಬಿಡ್ರಿ. ತೊಟ್ಟಿ ಕಟ್ಟಿದ್ದು ನಾನು. ನಾನು ನಿಲ್ಲದೆ ಗಾಡಿ ಹೊರಗೆ ಕಳಿಸಿದ್ದೇ ಇಲ್ಲ" ಎಂದು ಅವರು ಬೆನ್ನು ತಿರುಗಿಸಿದರು.

ಹಾಗಾದರೆ ವಿಡಿಯೊ ಚೆನ್ನಾಗಿ ಬರುತ್ತದೆ ಎಂದು ಮ್ಯಾನೇಜರ್ ಒಂದು ಕೈಯಲ್ಲಿ ಫೋನ್ ಹಿಡಿದರು. ಲಾರಿಯನ್ನು ದೂರದಿಂದಲೇ ನಿಲ್ಲಿಸುವ ಗುಂಡಿ ಅವರ ಇನ್ನೊಂದು ಕೈಯಲ್ಲಿತ್ತು. ಎದುರಿಗೆ ಮನುಷ್ಯ ಕಂಡೊಡನೆ ಲಾರಿ ತಾನೇ ಬ್ರೇಕ್ ಹಾಕಿ ಗೆರೆಯ ಮೇಲೆ ನಿಲ್ಲಬೇಕಿತ್ತು. ಅದು ಹೊರಟಿತು.

ಬ್ಯಾಟರಿ ಲಾರಿಗೆ ಸದ್ದಿಲ್ಲ. ಅದು ನನಗೆ ಆ ಕ್ಷಣದವರೆಗೂ ಒಳ್ಳೆಯ ಗುಣವಾಗಿಯೇ ಕಂಡಿತ್ತು. ಅಷ್ಟು ಭಾರ ಹೊತ್ತ ಲಾರಿ ಕಣದ ಮೇಲೆ ತೇಲಿದಂತೆ ಬಂತು. ಬೆನ್ನು ಮಾಡಿ ನಿಂತಿದ್ದ ಮೇಸ್ತ್ರಿಯ ತಲೆ ಒಂದಿಷ್ಟು ಓರೆಯಾಗಿ ಏನನ್ನೋ ಹುಡುಕುತ್ತಿತ್ತು. ಅವರಿಗೆ ಏನೂ ಕೇಳಿಸುತ್ತಿಲ್ಲ ಎಂಬುದು ನನಗೆ ತಟ್ಟನೆ ಹೊಳೆಯಿತು. ಆಗಲೇ ಗಾಜಿನ ಮೇಲಿನ ಮೂರು ಬಿಳಿ ಗೆರೆಗಳು ಬಿಸಿಲಿಗೆ ಒಣಗಿ ಸ್ಪಷ್ಟವಾಗಿ ಕಂಡವು. ಲಾರಿ ಸುಣ್ಣದ ಗೆರೆಯನ್ನು ಸಮೀಪಿಸುತ್ತಿತ್ತು. ಕೂಗಬೇಕು. ಎಂಟು ವರ್ಷದವಳಿದ್ದಾಗ ಚೀರಿದ್ದ ನನಗೆ ಆಗ ಬಾಯಿಯಿಂದ ಸ್ವರವೇ ಹೊರಡಲಿಲ್ಲ. ಬರೀ ನೋಡುತ್ತ ನಿಂತೆ. ಲಾರಿ ಗೆರೆ ದಾಟಿತು.

ಕೊನೆಯ ಗಳಿಗೆಯಲ್ಲಿ ಮೇಸ್ತ್ರಿ ತಾವಾಗಿಯೇ ಎಡಕ್ಕೆ ಹಾರಿದರು. ಪೂರ್ತಿ ಆಗಲಿಲ್ಲ. ತೊಟ್ಟಿಯ ಮೂಲೆ, ಅವರೇ ಕೂಡಿಸಿದ್ದ ಕಬ್ಬಿಣದ ಮೂಲೆ, ಅವರ ಸೊಂಟಕ್ಕೆ ಬಡಿಯಿತು. ಮ್ಯಾನೇಜರ್ ಗುಂಡಿ ಒತ್ತುವ ಹೊತ್ತಿಗೆ ಲಾರಿ ಮುಂದೆ ಹೋಗಿ ಉಮಿಯ ರಾಶಿಗೆ ನುಗ್ಗಿತ್ತು.

ನಾನು ಓಡಿ ಹೋದಾಗ ಅವರು ಬಿದ್ದಲ್ಲೇ ಕಣ್ಣು ತೆರೆದುಕೊಂಡಿದ್ದರು. "ಗೆರೆ ತಲುಪೋ ಹೊತ್ತಾತು ಅಂತ ಲೆಕ್ಕ ಹಾಕ್ದೆ. ಹಲಗೆ ನರಳಲಿಲ್ಲ ತಂಗಿ" ಎಂದರು. ಆಮೇಲೆ, "ಮುಂದೆ ಯಾರಾದ್ರೂ ಇದ್ರಾ?" ಎಂದು ಕೇಳಿದರು. ಉಮಿಯ ರಾಶಿಯ ಹತ್ತಿರ ಯಾರೂ ಇರಲಿಲ್ಲ ಎಂದೆ. ಅದನ್ನು ಕೇಳಿದ ಮೇಲೆ ಅವರಿಗೆ ಪ್ರಜ್ಞೆ ತಪ್ಪಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಆಪರೇಷನ್ ಆಯಿತು. ಖರ್ಚನ್ನೆಲ್ಲ ಕಂಪನಿಯೇ ನೋಡಿಕೊಂಡಿತು. ಗಾಜಿನ ಮೇಲಿನ ವಿಭೂತಿಯ ಫೋಟೊ ತೆಗೆದು, ಕೆಲಸಗಾರರು ಹೊರಗಿನ ವಸ್ತುವನ್ನು ಬಳಿದದ್ದರಿಂದ ಅವಘಡವಾಯಿತು ಎಂದು ಕಂಪನಿಯವರು ವರದಿ ಬರೆದರು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಬೇಕಾಯಿತು. ವರದಿಯಲ್ಲಿದ್ದ ಮಾತು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಮಾಡಿದೆ. ನಳಿಗೆಯ ವಿಷಯ ಮ್ಯಾನೇಜರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೇಸ್ತ್ರಿ ಮಂಚದ ಮೇಲಿಂದಲೇ ಎಲ್ಲರ ಮುಂದೆ ಹೇಳಿದರು: "ತಪ್ಪು ನಂದೇ ಐತ್ರೀ. ಕಣ್ಣಿಗೆ ಈಬತ್ತಿ ಬಳಿದೆ. ಅದು ಕಣ್ಣು ಅಂತ ತಿಳೀಲಿಲ್ಲ."

ಮನೆಗೆ ಬಂದ ಮೇಲೆ ಅವರು ಕೋಲು ಹಿಡಿದು ನಡೆಯುವಂತಾದರು, ಆದರೆ ಶೆಡ್ಡಿನ ಕಡೆ ಹೋಗಲಿಲ್ಲ. ತಿಂಗಳಿಗೊಮ್ಮೆ ಹಣ್ಣು ಹಿಡಿದುಕೊಂಡು ನಾನು ನೋಡಲು ಹೋಗುತ್ತಿದ್ದೆ. ಎರಡನೆಯ ಸಲ ಹೋದಾಗ ಅವರ ಮುಖ ಯಾಕೆ ಹೊಸದಾಗಿ ಕಾಣುತ್ತಿದೆ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಹಣೆ ಬರಿದಾಗಿತ್ತು. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲುದನಿಯಲ್ಲಿ ಹೇಳಿದರು: "ಸ್ನಾನ ಮಾಡ್ಕಂಡು ಬಂದು ದೇವ್ರ ಮುಂದೆ ಕೂರ್ತಾರವ್ವ. ಈಬತ್ತಿ ಗಟ್ಟಿಗೆ ಕೈ ಹಾಕ್ತಾರೆ, ಬಿಟ್ಟು ಎದ್ದು ಬರ್ತಾರೆ. ಮೊಮ್ಮಗಳಿಗೆ ಹೆಸರಿಡೋ ದಿನ ಕೂಸಿನ ತಲೆ ಮುಟ್ರಿ ಅಂದ್ರೆ ಒಳಗೆ ಹೋಗಿ ಕದ ಹಾಕ್ಕಂಡ್ರು. ನನ್ನ ಕೈಗೆ ಏನೋ ಹೊಕ್ಕೈತೆ, ನಾನು ಹರಸಿದ್ದೆಲ್ಲ ಕುರುಡಾಗ್ತೈತೆ ಅಂತಾರೆ."

ಅಂದೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮಾತು ಕಂಪನಿಗೆ ಮುಟ್ಟುತ್ತದೆ, ಕೆಲಸ ಹೋಗುತ್ತದೆ, ಸಹಿ ಮಾಡಿದ್ದಕ್ಕೆ ಪೊಲೀಸು ಕೋರ್ಟು ಏನೇನಾಗುತ್ತದೋ ಎಂದು ಹೆದರಿದೆ. ಪ್ರತಿ ಸಲವೂ ಮುಂದಿನ ಸಲ ಹೇಳೋಣ ಎಂದುಕೊಂಡು ಬಸ್ಸು ಹತ್ತುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ವೆಚ್ಚ ಇಳಿಸಿದ್ದಕ್ಕೆ ನನಗೆ ಬಡ್ತಿ ಬಂತು. ಅದೇ ಮಾದರಿಯ ಇನ್ನಷ್ಟು ಲಾರಿಗಳು ತಯಾರಾಗಿ ಬೇರೆ ಬೇರೆ ಊರಿನ ಗಿರಣಿಗಳಿಗೂ ಒಂದು ಮಾರುಕಟ್ಟೆ ಅಂಗಳಕ್ಕೂ ಹೋದವು. ಗಾಜಿನ ಮೇಲೆ ಏನನ್ನೂ ಹಚ್ಚಬೇಡಿ ಎಂಬ ಚೀಟಿಯೊಂದನ್ನು ಅವುಗಳಿಗೆ ಅಂಟಿಸಿದ್ದರು, ಅಷ್ಟೇ.

ಬಡ್ತಿಯ ಸಿಹಿ ಹಿಡಿದುಕೊಂಡು ಅವರ ಮನೆಗೆ ಹೋದೆ. ನನ್ನ ನಾಚಿಕೆಗೇಡಿತನ ನೋಡಿ. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿದೆ. ಅಭ್ಯಾಸ ಬಲದಿಂದ ಅವರ ಕೈ ನನ್ನ ತಲೆಯ ಮೇಲೆ ಬಂದದ್ದು ಗೊತ್ತಾಯಿತು. ಮರುಕ್ಷಣ ಬಿಸಿ ತಾಗಿದವರಂತೆ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ ತಂಗಿ. ನಿನಗೆ ನನ್ನ ಕೈ ಬ್ಯಾಡ."

ನಾನು ನೆಲದ ಮೇಲೆ ಕೂತುಬಿಟ್ಟೆ. ನಳಿಗೆಯಿಂದ ಹಿಡಿದು ಸಹಿಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಕ್ಷಮಿಸುತ್ತಾರೆ, ಬಿಡು ಎನ್ನುತ್ತಾರೆ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ಅವರ ಮುಖ ಕೆಂಪೇರಿತು. ಇಷ್ಟು ವರ್ಷಗಳಲ್ಲಿ ಅವರು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

"ಆ ನಳಿಗಿ ಇದ್ದಿದ್ರೆ?"

"ಗಾಜು ಮಾಸಿದೆ ಅಂತ ಲಾರಿ ಹೊರಡ್ತಲೇ ಇರಲಿಲ್ಲ ಮಾಮ."

"ಇನ್ನೊಂದು ಸಲ ಹೇಳು."

ಹೇಳಿದೆ. ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. "ಒಂದು ವರ್ಷ! ಒಂದು ವರ್ಷ ನಾನು ದೇವ್ರಿಗೆ ಹೆದರ್ಕಂಡು ಈ ಮೂಲ್ಯಾಗೆ ಕೂತಿದ್ದೆ. ನೀನು ಯಾರಿಗೆ ಹೆದರ್ಕಂಡು ಕೂತಿದ್ದೆ?"

ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮೇಸ್ತ್ರಿ ಕೇಳಿದರು: "ಆ ಬ್ಯಾರೆ ಲಾರಿಗಳು ಈಗ ಓಡ್ತಾ ಅದಾವಾ?"

"ಓಡ್ತಾ ಇವೆ."

"ನಳಿಗಿ?"

"ಇಲ್ಲ."

"ಅಲ್ಲಿ ಈಬತ್ತಿ ಹಚ್ಚಾಕೆ ನಾನೇ ಬೇಕಾ? ಮೆಕ್ಕೆಜೋಳದ ಧೂಳು ಸಾಕು. ಕಣದಾಗೆ ಹೆಣ್ಮಕ್ಕಳು ಭತ್ತ ಎಳೀತಿರ್ತಾರೆ, ಲಾರಿಗೆ ಬೆನ್ನು ಮಾಡ್ಕಂಡು. ನನ್ನಂಗೆ ಕಿವಿ ಕೊಟ್ಟು ನಿಂತಿರಲ್ಲ ಅವ್ರು. ಬರಿ. ಈಗಲೇ ಬರಿ."

ಅವರೆದುರೇ ಫೋನಿನಲ್ಲಿ ಕಂಪನಿಯ ಮೇಲಿನವರಿಗೆ ಪತ್ರ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಬೇಕಾಯಿತು. ನಳಿಗೆಯನ್ನು ತೆಗೆಯಲಾಗಿತ್ತು ಎಂದು ಓದಿದಾಗ ಅವರು ತಡೆದರು. "ತಾನೇ ಎದ್ದು ಹೋತಾ ಅದು? ಯಾರು ತೆಗೆದಿದ್ದು ಬರಿ." ನಾನು ತೆಗೆದೆ ಎಂದು ತಿದ್ದಿದೆ. ಲಾರಿಗಳನ್ನು ಕೂಡಲೇ ನಿಲ್ಲಿಸಿ, ನಳಿಗೆ ಹಾಕಿದ ಮೇಲೆಯೇ ಓಡಿಸಿ ಎಂದು ಕೊನೆಯಲ್ಲಿ ಸೇರಿಸಿದೆ. ಒಮ್ಮೆ ತಪ್ಪುಗಳನ್ನೆಲ್ಲ ನೋಡಿ ನಾಳೆ ಕಳಿಸುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನನ್ನನ್ನು ಹರಸಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ.

ಮರುದಿನ ಕಳಿಸಲಿಲ್ಲ. ಅದರ ಮರುದಿನವೂ ಇಲ್ಲ. ಪತ್ರ ತೆರೆಯುವುದು, ಕಳಿಸು ಎಂಬ ಗುರುತಿನ ಮೇಲೆ ಬೆರಳಿಡುವುದು, ತೆಗೆಯುವುದು. ನಾಲ್ಕನೆಯ ದಿನ ಅವರ ಫೋನ್ ಬಂತು.

"ಕಳಿಸಿದ್ಯಾ ತಂಗಿ?"

"ಕಳಿಸಿದೆ ಮಾಮ."

ಆ ಕಡೆಯಿಂದ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಪುಕ್ಕಲಿ ಅಂತ ಎಲ್ರೂ ನಿನಗೆ ಅಂತಿದ್ರು. ಸುಳ್ಳು ಮಾಡಿದೆ ನೋಡು" ಎಂದರು. ಸಿಟ್ಟು ಇಳಿದು ಹಳೆಯ ದನಿ ಮರಳಿತ್ತು. ಆಮೇಲೆ ಫೋನ್ ತೆಗೆದುಕೊಂಡ ಅವರ ಹೆಂಡತಿ, ಇವತ್ತು ಈಬತ್ತಿ ಹಚ್ಚಿಕೊಂಡಿದ್ದಾರೆ, ಕೂಸಿನ ಹಣೆಗೂ ಹಚ್ಚಿದರು ಎಂದು ಅಳುತ್ತ ನಗುತ್ತ ಹೇಳಿದರು. ನಿಜ ಹೇಳಲು ಅದಕ್ಕಿಂತ ಕಷ್ಟದ ಗಳಿಗೆ ಇರಲಾರದು ಎಂದುಕೊಂಡು ಫೋನ್ ಇಟ್ಟೆ.

ಪತ್ರ ಬರೆದ ಹನ್ನೊಂದನೆಯ ದಿನ ಮೇಸ್ತ್ರಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಕೂತಲ್ಲೇ ಎದೆನೋವು ಬಂತಂತೆ. ನಾನು ಹೋಗುವ ಹೊತ್ತಿಗೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಮುಖದ ಎರಡು ಪಾಲೂ ಒಂದೇ ಥರ ನಿಶ್ಚಿಂತೆಯಿಂದ ಇದ್ದವು. ಆ ನಿಶ್ಚಿಂತೆಗೆ ಕಾರಣ ನನ್ನ ಸುಳ್ಳು ಎಂಬುದು ಅಲ್ಲಿದ್ದ ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಉಡುತಡಿಯ ಅವರ ಹೊಲದಲ್ಲಿ ಮಣ್ಣು ಮಾಡಿದರು. ಎಲ್ಲರ ಜೊತೆ ನಾನೂ ಹಿಡಿ ಮಣ್ಣು ಹಾಕಿದೆ. ಜನ ಕೈಕಾಲು ತೊಳೆಯಲು ಕೊಳವೆಬಾವಿಯ ಕಡೆ ಹೊರಟಾಗ, ಬದುವಿನ ಮೇಲೆ ನಿಂತು ಮಣ್ಣುಗೈಯಲ್ಲೇ ಫೋನ್ ತೆಗೆದು ಪತ್ರ ಕಳಿಸಿದೆ. ಕೆಲಸ ಅರೆನಿಮಿಷದ್ದು.

ಮರುದಿನ ಬೆಳಗ್ಗೆಯೇ ಕಂಪನಿ ಎಲ್ಲ ಲಾರಿಗಳನ್ನು ನಿಲ್ಲಿಸಿತು. ಎರಡು ತಿಂಗಳಲ್ಲಿ ನಳಿಗೆ ಹಾಕಿಸಿದರು. ನನ್ನ ಕೆಲಸ ಹೋಯಿತು. ನಾನು ಹೆದರಿದ್ದ ಪೊಲೀಸು, ಕೋರ್ಟು ಯಾವುದೂ ಬರಲಿಲ್ಲ. ಈಗ ಸೊರಬದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದರಲ್ಲಿದ್ದೇನೆ. ಮೇಸ್ತ್ರಿಯ ಹೆಂಡತಿ ಹಬ್ಬಕ್ಕೆ ಕರೆಯುತ್ತಾರೆ, ನೀನು ಧೈರ್ಯ ಮಾಡಿ ಬರೆದದ್ದರಿಂದ ಅವರು ನೆಮ್ಮದಿಯಾಗಿ ಹೋದರು ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ನಾನು ತಲೆ ತಗ್ಗಿಸಿ ಕೂರುತ್ತೇನೆ.

ಒಂದೇ ದಿನದಲ್ಲಿ ನಿಲ್ಲಬಹುದಾಗಿದ್ದ ಲಾರಿಗಳು ಹನ್ನೊಂದು ದಿನ ಓಡಿದವು. ಆ ದಿನಗಳಲ್ಲಿ ಯಾವ ಕಣದಲ್ಲಿ ಯಾರು ಅವುಗಳಿಗೆ ಬೆನ್ನು ಮಾಡಿ ನಿಂತಿದ್ದರು, ಅವರಿಗೆ ಏನಾಯಿತು ಅಥವಾ ಆಗಲಿಲ್ಲ ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಕಂಪನಿಯಲ್ಲಿ ಗುರುತಿನವರು ಇನ್ನೂ ಇದ್ದಾರೆ, ಅವರ ನಂಬರುಗಳೂ ಇವೆ. ನಾನು ಕೇಳಿಲ್ಲ.